ತೋಟದ ಕೊಳದ ನೀರು ಮತ್ತೆ ಹಸಿರಾಗಿದೆ, ಯುವಿ ಲೈಟ್ ಉರೀತಾನೇ ಇದೆ, ಏನ್ ಮಾಡೋದು?

ಹಿತ್ತಲಕೊಳ_ಮೈಸೂರು:

ಎಲ್ರಿಗೂ ನಮಸ್ಕಾರ. ನಮ್ಮನೆ ಹಿತ್ತಲಲ್ಲಿ ಒಂದು ಸಿಮೆಂಟ್ ಕೊಳ ಇದೆ, 12 ಅಡಿ ಉದ್ದ, 8 ಅಡಿ ಅಗಲ, 3 ಅಡಿ ಆಳ. ಕೋಯಿ, ಗೋಲ್ಡ್‌ಫಿಶ್ ಸೇರಿ ಹತ್ತು ಹನ್ನೆರಡು ಮೀನಿದಾವೆ, ಒಂದು ಮೂಲೇಲಿ ಎರಡು ಕುಂಡ ನೈದಿಲೆ. ಮರದ ನೆರಳು ಅಂತ ಏನೂ ಇಲ್ಲ, ಬೆಳಗ್ಗೆಯಿಂದ ಸಂಜೆ ತನಕ ನೇರ ಬಿಸಿಲು. ತುಂಬಿಸೋದು ಬೋರ್‌ವೆಲ್ ನೀರು, ಸಿಕ್ಕಾಪಟ್ಟೆ ಗಡಸು, ನಲ್ಲಿ ಬಾಯಲ್ಲೆಲ್ಲ ಬಿಳಿ ಉಪ್ಪು ಕಟ್ಟುತ್ತೆ.

ಹೋದ ವರ್ಷ ಅಕ್ವೇರಿಯಂ ಅಂಗಡಿಯವರು ಹೇಳಿದ್ರು ಅಂತ 11 ವ್ಯಾಟ್‌ನ ಯುವಿ (ಅತಿನೇರಳೆ ಕಿರಣದಿಂದ ನೀರಿನ ಪಾಚಿ ಕೊಲ್ಲೋ ಲೈಟ್) ಹಾಕಿಸಿದೀವಿ. ಕೊಳದ ಪಂಪ್‌ನಿಂದ ನೀರು ಯುವಿ ಒಳಗೆ ಹೋಗಿ, ಅಲ್ಲಿಂದ ನೀಲಿ ಡ್ರಮ್‌ನಲ್ಲಿ ಮಾಡಿರೋ ಫಿಲ್ಟರ್‌ಗೆ ಬಂದು ವಾಪಸ್ ಕೊಳಕ್ಕೆ ಬೀಳುತ್ತೆ. ಮಳೆಗಾಲ, ಚಳಿಗಾಲ ಪೂರ್ತಿ ತಳದ ಬೆಣಚುಕಲ್ಲು ಒಂದೊಂದೂ ಕಾಣೋ ಹಾಗಿತ್ತು. ಶಿವರಾತ್ರಿ ಕಳೆದು ಬಿಸಿಲು ಏರ್ತಿದ್ದ ಹಾಗೆ ಶುರುವಾಯ್ತು ನೋಡಿ, ಈಗ ಪಾಲಕ್ ಅರೆದು ಕದಡಿದ ಹಾಗಿದೆ, ಮೀನು ಒಂದು ಗೇಣು ಕೆಳಗೆ ಹೋದ್ರೆ ಕಾಣಲ್ಲ. ಯುವಿ ಮಾತ್ರ ಉರೀತಾನೇ ಇದೆ, ಪೈಪ್ ಸೇರೋ ಜಾಗದಲ್ಲಿ ನೀಲಿ ಬೆಳಕು ಚೆನ್ನಾಗೇ ಕಾಣುತ್ತೆ.

ಅಂಗಡಿಯವರು ಇದನ್ನ ಬಿಸಾಕಿ 55 ವ್ಯಾಟ್‌ದು ಹಾಕಿ ಅಂತಾರೆ, ಇನ್ನೊಬ್ರು ನೀರು ಪೂರ್ತಿ ಖಾಲಿ ಮಾಡಿ ಹೊಸದು ತುಂಬಿ ಅಂತಾರೆ. ಮನೇಲಿ ಕರೆಂಟ್ ಚಿಂತೆ ಬೇರೆ, ಗೃಹಜ್ಯೋತಿಯಲ್ಲಿದೀವಿ, 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು. ಯುವಿ ರಾತ್ರಿ ಮಾತ್ರ ಹಾಕಿದ್ರೆ ಸಾಕಾಗುತ್ತಾ? ಈ ಬೆಳಕಿಂದ ಮೀನಿಗೆ ತೊಂದ್ರೆ ಏನಾದ್ರೂ ಇದೆಯಾ? ಅನುಭವ ಇರೋರು ದಯವಿಟ್ಟು ಹೇಳಿ.

ಅಡಿಕೆತೋಟ_ಪುತ್ತೂರು:

ನಮ್ಮ ಕಡೆ ತೋಟದ ಟ್ಯಾಂಕಿ ನೀರು ಹಸಿರಾದ್ರೆ ಸ್ವಲ್ಪ ಮೈಲುತುತ್ತ (ಕಾಪರ್ ಸಲ್ಫೇಟ್) ಬಟ್ಟೆಯಲ್ಲಿ ಕಟ್ಟಿ ನೀರಿಗೆ ಬಿಡುವವರು ಇದ್ದಾರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀಲಿಕ್ಕೆ ತಂದದ್ದು ಹೇಗೂ ಮನೆಯಲ್ಲಿ ಇರ್ತದೆ, ಬೇರೆ ಖರ್ಚಿಲ್ಲ. ಎರಡು ದಿನದಲ್ಲಿ ಪಾಚಿ ಎಲ್ಲ ಸತ್ತು ಅಡಿಗೆ ಕೂತ್ಕೊಳ್ತದೆ. ನಮ್ಮ ಒಂದು ಟ್ಯಾಂಕಿಯಲ್ಲಿ ಈಗ ಮೀನು ಬಿಟ್ಟಿದ್ದೇವೆ, ಮೀನಿದ್ದ ಕಡೆ ಎಷ್ಟು ಹಾಕ್ಬಹುದು ಅಂತ ಗೊತ್ತಿದ್ದವರು ಹೇಳಿ, ನನಗೂ ಬೇಕು.

ಕೋಯಿಸಾಕಣೆ:

ಮೊದಲು ಪುತ್ತೂರಿನವರಿಗೆ. ಮೀನಿದ್ದ ನೀರಿಗೆ ಮೈಲುತುತ್ತ ಬೇಡವೇ ಬೇಡ, ಎಷ್ಟು ಅನ್ನೋ ಪ್ರಶ್ನೆನೇ ಬೇಡ. ಅದರಲ್ಲಿರೋ ತಾಮ್ರ ಮೀನಿನ ಕಿವಿರನ್ನ ಹಾಳು ಮಾಡುತ್ತೆ, ಅದರಲ್ಲೂ ನಿಮ್ಮ ಕಡೆ ನೀರು ಮೆದು, ಮೆದು ನೀರಲ್ಲಿ ಅಷ್ಟೇ ತಾಮ್ರ ಇನ್ನೂ ಜಾಸ್ತಿ ವಿಷ ಆಗುತ್ತೆ. ಇನ್ನೊಂದು, ಪಾಚಿ ಒಟ್ಟಿಗೆ ಸತ್ತು ಕೊಳೆಯೋಕೆ ಶುರುವಾದ್ರೆ ನೀರಲ್ಲಿರೋ ಆಕ್ಸಿಜನ್ ಪೂರ್ತಿ ಅದಕ್ಕೇ ಖರ್ಚಾಗಿ ಬೆಳಗಿನ ಜಾವಕ್ಕೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇರ್ತವೆ. ಮೀನಿಲ್ಲದ ಟ್ಯಾಂಕಿ ವಿಷಯ ಬೇರೆ.

ಈಗ ಮೈಸೂರಿನವರಿಗೆ. ನೀವು ಬರೆದಿರೋದ್ರಲ್ಲೇ ಅರ್ಧ ಉತ್ತರ ಇದೆ. ಲ್ಯಾಂಪ್ ಹಾಕಿ ವರ್ಷ ಆಯ್ತು, ನೀರು ಗಡಸು, ನೀಲಿ ಬೆಳಕು ಮಾತ್ರ ಕಾಣ್ತಿದೆ. ಆ ನೀಲಿ ಬೆಳಕು ಕಾಣ್ತಿದೆ ಅಂದ್ರೆ ಲ್ಯಾಂಪ್‌ಗೆ ಕರೆಂಟ್ ಹೋಗ್ತಿದೆ ಅಂತ ಅಷ್ಟೇ ಅರ್ಥ. ಪಾಚಿನ ಕೊಲ್ಲೋ ಕಿರಣ ನಮ್ಮ ಕಣ್ಣಿಗೆ ಕಾಣೋದೇ ಇಲ್ಲ. ಅದು ಯುವಿ-ಸಿ, ತರಂಗದ ಉದ್ದ ಸುಮಾರು 254 ನ್ಯಾನೋಮೀಟರ್. ಒಳಗಿರೋ ಪಾದರಸದ ಆವಿಗೆ ಕರೆಂಟ್ ಹರಿದಾಗ ಅದು ಹುಟ್ಟುತ್ತೆ, ಜೊತೆಗೆ ಸ್ವಲ್ಪ ನೀಲಿ ಬೆಳಕೂ ಬರುತ್ತೆ. ದಿನ ಕಳೀತಾ ಲ್ಯಾಂಪ್‌ನ ಗಾಜು ಯುವಿ-ಸಿನ ಹೊರಗೆ ಬಿಡೋದು ಕಮ್ಮಿ ಮಾಡುತ್ತೆ, ನೀಲಿ ಮಾತ್ರ ಹಾಗೇ ಇರುತ್ತೆ. ಒಳ್ಳೆ ಕಂಪನಿ ಲ್ಯಾಂಪ್‌ಗೆ ಸುಮಾರು 9000 ಗಂಟೆ ಆಯಸ್ಸು ಅಂತ ಬರೆದಿರ್ತಾರೆ, ದಿನವಿಡೀ ಉರಿದ್ರೆ ವರ್ಷಕ್ಕೆ 8760 ಗಂಟೆ ಆಗುತ್ತೆ, ಅಂದ್ರೆ ವರ್ಷಕ್ಕೊಂದು ಲ್ಯಾಂಪ್ ಅಂತ ಲೆಕ್ಕ ಇಟ್ಕೊಳ್ಳಿ. ಹೆಸರಿಲ್ಲದ ಅಗ್ಗದ ಲ್ಯಾಂಪ್ ಆದ್ರೆ ಇನ್ನೂ ಬೇಗ.

ಅದಕ್ಕಿಂತ ಮುಖ್ಯ ಅಂತ ನನಗನಿಸೋದು ಲ್ಯಾಂಪ್ ಮೇಲಿರೋ ಸ್ಲೀವ್. ಲ್ಯಾಂಪ್ ನೇರ ನೀರಲ್ಲಿ ಮುಳುಗಿರಲ್ಲ, ಅದರ ಸುತ್ತ ಒಂದು ಕ್ವಾರ್ಟ್ಜ್ ಕೊಳವೆ ಇರುತ್ತೆ, ನೀರು ಅದರ ಹೊರಗೆ ಹರಿಯುತ್ತೆ. ಬೋರ್‌ವೆಲ್ ನೀರಿನ ಸುಣ್ಣ ಎಲ್ಲಾ ಆ ಬೆಚ್ಚಗಿನ ಕೊಳವೆ ಮೇಲೆ ಕೂತ್ಕೊಳ್ಳುತ್ತೆ. ತೆಳು ಬಿಳಿ ಪದರ ಕೂತ್ರೂ ಸಾಕು, ಒಳಗೆ ಹೊಸ ಲ್ಯಾಂಪ್ ಇದ್ರೂ ಪ್ರಯೋಜನ ಇಲ್ಲ. ಹಾಗಾಗಿ 55 ವ್ಯಾಟ್ ತಗೊಳ್ಳೋ ಮೊದಲು ದಯವಿಟ್ಟು ಪ್ಲಗ್ ಕಿತ್ತು, ಪಂಪ್ ನಿಲ್ಸಿ, ಅದನ್ನ ಬಿಚ್ಚಿ ನೋಡಿ. ಬಿಚ್ಚಿದಾಗ ಲ್ಯಾಂಪ್ ಉರಿಯುತ್ತಾ ಅಂತ ಹೊರಗಿಟ್ಟು ಪ್ಲಗ್ ಹಾಕಿ ನೋಡೋ ಕೆಲಸ ಯಾವತ್ತೂ ಮಾಡ್ಬೇಡಿ. ವೆಲ್ಡಿಂಗ್ ಬೆಳಕು ನೋಡಿದೋರಿಗೆ ರಾತ್ರಿ ಕಣ್ಣಲ್ಲಿ ಮರಳು ಹಾಕಿದಂಗೆ ಉರಿಯುತ್ತಲ್ಲ, ಇದಕ್ಕೂ ಅದೇ ಆಗುತ್ತೆ, ಚರ್ಮನೂ ಸುಡುತ್ತೆ, ಆಗೋ ಹೊತ್ತಲ್ಲಿ ಏನೂ ಗೊತ್ತಾಗಲ್ಲ, ಕೆಲವು ಗಂಟೆ ಬಿಟ್ಟು ಶುರುವಾಗುತ್ತೆ. ಮನೇಲಿ ಮಕ್ಕಳಿದ್ರೆ ಅವರನ್ನ ದೂರ ಇಟ್ಟು ಈ ಕೆಲಸ ಮಾಡಿ.

ಮೀನಿಗೆ ತೊಂದ್ರೆ ಇಲ್ಲ. ಕಿರಣ ಆ ಡಬ್ಬಿ ಒಳಗೇ ಇರುತ್ತೆ, ದಾಟಿ ಬಂದ ನೀರಲ್ಲಿ ಕ್ಲೋರಿನ್ ಥರ ಏನೂ ಉಳಿಯಲ್ಲ. ಬಿಸಿಲಲ್ಲೂ ಯುವಿ ಇದೆಯಲ್ಲ, ಅದಕ್ಕೆ ಪಾಚಿ ಯಾಕೆ ಸಾಯಲ್ಲ ಅಂತ ಕೆಲವರು ಕೇಳ್ತಾರೆ. ಸೂರ್ಯನ ಯುವಿ-ಸಿನ ವಾತಾವರಣ ಮೇಲೇ ತಡೆದುಬಿಡುತ್ತೆ, ನೆಲಕ್ಕೆ ಬರೋದು ಎ, ಮತ್ತೆ ಸ್ವಲ್ಪ ಬಿ. ಸಿ ಮಾತ್ರ ಪಾಚಿ ಜೀವಕೋಶದ ಡಿಎನ್‌ಎಗೆ ಜೋರಾಗಿ ಹೊಡೆಯುತ್ತೆ, ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕ ಇರೋ ಥೈಮೀನ್ ಅನ್ನೋ ಘಟಕಗಳು ಒಂದಕ್ಕೊಂದು ಅಂಟ್ಕೊಂಡುಬಿಡ್ತವೆ, ಆಮೇಲೆ ಆ ಕೋಶ ಇಬ್ಭಾಗ ಆಗಿ ಮರಿ ಹಾಕೋಕೆ ಆಗಲ್ಲ. ನಿಮ್ಮ ನೀರು ಹಸಿರು ಮಾಡಿರೋದು ಕ್ಲೋರೆಲ್ಲಾ ಥರದ ಒಂಟಿ ಕೋಶದ ಪಾಚಿ, ಎಷ್ಟು ಸಣ್ಣದು ಅಂದ್ರೆ ಫಿಲ್ಟರ್ ಸ್ಪಾಂಜ್‌ನಲ್ಲಿ ಆರಾಮಾಗಿ ತೂರ್ಕೊಂಡು ಹೋಗುತ್ತೆ. ಯುವಿ ತಗುಲಿದ ಮೇಲೆ ಅವು ಸತ್ತು ಗುಂಪು ಗುಂಪಾಗಿ ಅಂಟ್ಕೊಳ್ತವೆ, ಆಗ ಸ್ಪಾಂಜ್ ಹಿಡಿಯುತ್ತೆ. ಹಾಗಾಗಿ ಪಂಪ್, ಆಮೇಲೆ ಯುವಿ, ಆಮೇಲೆ ಫಿಲ್ಟರ್ ಅಂತ ನೀವು ಹಾಕಿರೋ ಕ್ರಮ ಸರಿಯಾಗಿದೆ, ಅದನ್ನ ಬದಲಾಯಿಸ್ಬೇಡಿ.

ರಾತ್ರಿ ಮಾತ್ರ ಹಾಕೋ ಐಡಿಯಾ ಬೇಡ. ಬಿಸಿಲಿಗೆ ಪಾಚಿ ದಿನಕ್ಕೆ ಒಂದು ಸಲ, ಕೆಲವು ಜಾತಿ ಅದಕ್ಕಿಂತ ಜಾಸ್ತಿ ದುಪ್ಪಟ್ಟಾಗುತ್ತೆ. ಅದು ಹುಟ್ಟೋ ವೇಗಕ್ಕಿಂತ ನೀವು ಕೊಲ್ಲೋ ವೇಗ ಜಾಸ್ತಿ ಇರ್ಬೇಕು, ಅರ್ಧ ದಿನ ಆಫ್ ಮಾಡಿದ್ರೆ ಆ ಲೆಕ್ಕ ತಪ್ಪುತ್ತೆ. ಪದೇಪದೇ ಆನ್ ಆಫ್ ಮಾಡಿದ್ರೆ ಲ್ಯಾಂಪ್‌ನ ಆಯಸ್ಸೂ ಕಮ್ಮಿ ಆಗುತ್ತೆ.

ನನಗೆ ಎರಡು ವಿಷಯ ಗೊತ್ತಾಗ್ಬೇಕು. ಪಂಪ್ ಗಂಟೆಗೆ ಎಷ್ಟು ಲೀಟರ್‌ದು? ದಿನಕ್ಕೆ ಎಷ್ಟು ಸಲ ಮೀನಿಗೆ ಊಟ ಹಾಕ್ತೀರ? ಆಮೇಲೆ ಒಂದು ಪರೀಕ್ಷೆ ಮಾಡಿ, ಒಂದು ಖಾಲಿ ಬಾಟಲಿಲಿ ಕೊಳದ ನೀರು ತುಂಬಿ ಅಲುಗಾಡಿಸದೆ ರಾತ್ರಿ ಇಟ್ಟುಬಿಡಿ. ಬೆಳಗ್ಗೆ ಕೆಳಗೆ ಮಣ್ಣು ಕೂತು ಮೇಲೆ ತಿಳಿಯಾಗಿದ್ರೆ ಅದು ಕೆಸರು, ಯುವಿಗೂ ಅದಕ್ಕೂ ಸಂಬಂಧ ಇಲ್ಲ. ಹಸಿರು ಹಾಗೇ ನಿಂತಿದ್ರೆ ಪಾಚಿ. ಎಲೆ ಕೊಳೆತು ಟೀ ಡಿಕಾಕ್ಷನ್ ಬಣ್ಣ ಬಂದಿರೋದಕ್ಕೂ ಯುವಿ ಏನೂ ಮಾಡಲ್ಲ, ಅದಕ್ಕೆ ಇದ್ದಿಲು ಬೇಕು.

ಹುಬ್ಬಳ್ಳಿ_ಹೂದೋಟ:

ನಮ್ಮ ಹೊಂಡಕ್ಕ ಯುವಿನೇ ಇಲ್ರಿ. ಬಾಜೂಕ ಇನ್ನೊಂದು ಸಣ್ಣ ತೊಟ್ಟಿ ಕಟ್ಟಿಸೇನಿ, ತಳದಾಗ ತೂತಿನ ಪೈಪ್ ಹಾಕಿ ಮ್ಯಾಲೆ ಕಡಿ ತುಂಬೇನಿ, ಅದರಾಗ ಕೆಸುವು, ಕಾಬಾಳಿ, ಬಜಿ ಹಚ್ಚೇನಿ. ಪಂಪಿನ ನೀರು ಕೆಳಗಿಂದ ಮ್ಯಾಲೆ ಏರಿ ಬೇರಿನ ನಡುವ ಹಾದು ಹೊಂಡಕ್ಕ ಬೀಳತೈತಿ. ಪಾಚಿ ಬೆಳಿಯೂದು ನೀರಾಗಿನ ಗೊಬ್ಬರ ತಿಂದು, ಆ ಗೊಬ್ಬರ ಕೆಸುವಿನ ಬೇರಿಗೆ ಹೋದ್ರ ಪಾಚಿಗೆ ಏನ್ ಉಳೀತು ಹೇಳ್ರಿ. ತೊಟ್ಟಿ ಭಾಳ ಸಣ್ಣದಿದ್ರ ನಡಿಯೂದಿಲ್ಲ, ಹೊಂಡದ ಮ್ಯಾಲ್ಮೈದಾಗ ಐದರಾಗ ಒಂದ್ ಪಾಲಾರ ಇರಬೇಕು. ಮತ್ತ ನೀರಿನ ಮ್ಯಾಲೆ ಅರ್ಧಕ್ಕಿಂತ ಹೆಚ್ಚು ನೈದಿಲಿ ಎಲಿ ಹರಡಿರಬೇಕು, ಬಿಸಲು ಒಳಗ ಹೋಗಬಾರದು. ಇವ್ರ ಹೊಂಡದಾಗ ಎರಡು ಕುಂಡ ಅಂದ್ರ ಏನಕ್ಕೂ ಸಾಲೂದಿಲ್ರಿ. ಲೈಟಿಗೆ ವರ್ಷಾ ವರ್ಷಾ ರೊಕ್ಕ ಹಾಕೂದಕ್ಕಿಂತ ಒಮ್ಮೆ ಗಿಡಕ್ಕ ಹಾಕ್ರಿ ಅಂತೀನಿ ನಾನು.

ಅಂತರಗಂಗಿ ಹಾಕಿದ್ರೂ ಆಗತೈತಿ, ಬ್ಯಾಸಿಗ್ಯಾಗ ಲಗೂನ ಹರಡತೈತಿ. ಆದ್ರ ಹೆಚ್ಚಾಗಿದ್ದನ್ನ ಒಯ್ದು ಕೆರಿಗೆ, ಹಳ್ಳಕ್ಕ ಒಗಿಬ್ಯಾಡ್ರಿ, ಕೈ ಮುಗೀತೀನಿ. ಒಣಗಿಸಿ ಗೊಬ್ಬರ ಮಾಡ್ಕೋರಿ.

ಕೋಯಿಸಾಕಣೆ:

ಹುಬ್ಬಳ್ಳಿಯವರ ಮಾತು ಪೂರ್ತಿ ಒಪ್ತೀನಿ, ಒಂದು ಮಾತು ಸೇರಿಸಿ. ಗಿಡ ಬೇರು ಬಿಟ್ಟು ದಟ್ಟ ಆಗೋಕೆ ತಿಂಗಳುಗಳು ಬೇಕು, ಅವರ ನೀರು ಈಗಲೇ ಹಸಿರಾಗಿದೆ. ಕೋಯಿ ಇರೋ ಕೊಳದಲ್ಲಿ ನೈದಿಲೆ ಉಳಿಸ್ಕೊಳ್ಳೋದೂ ಸುಲಭ ಇಲ್ಲ, ದೊಡ್ಡ ಕೋಯಿ ಕುಂಡದ ಮಣ್ಣು ಕೆದಕಿ ಗೆಡ್ಡೆ ಮೇಲೆತ್ತಿಬಿಡುತ್ತೆ, ಎಳೆ ಎಲೆ ತಿಂದುಬಿಡುತ್ತೆ, ಕುಂಡದ ಮೇಲೆ ಮುಷ್ಟಿ ಗಾತ್ರದ ಕಲ್ಲು ಜೋಡಿಸಿದ್ರೆ ಮಾತ್ರ ಸ್ವಲ್ಪ ತಡೀಬಹುದು. ಗಿಡ ಬೇಕು, ನೆರಳು ಬೇಕು, ಯುವಿನೂ ಇರ್ಲಿ. ಯುವಿ ನೀರಲ್ಲಿರೋ ಗೊಬ್ಬರ ಕಮ್ಮಿ ಮಾಡಲ್ಲ ಅನ್ನೋದು ಮಾತ್ರ ನಿಜ, ಸತ್ತ ಪಾಚಿ ಕೊಳೆತ್ರೆ ಆ ಗೊಬ್ಬರ ಮತ್ತೆ ನೀರಿಗೇ ಬರುತ್ತೆ. ಅದಕ್ಕೇ ಸ್ಪಾಂಜ್ ತೊಳೀತಾ ಇರ್ಬೇಕು.

ಹಿತ್ತಲಕೊಳ_ಮೈಸೂರು:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಬಾಟಲಿ ನೀರು ಬೆಳಗ್ಗೆನೂ ಹಸಿರಾಗೇ ಇತ್ತು, ಹಾಗಾದ್ರೆ ಪಾಚಿನೇ. ಪಂಪ್ ಮೇಲೆ ಗಂಟೆಗೆ 3000 ಲೀಟರ್ ಅಂತ ಬರೆದಿದೆ, 60 ವ್ಯಾಟ್. ಊಟ ಬೆಳಗ್ಗೆ ಸಂಜೆ ಹಾಕ್ತೀವಿ, ಮಕ್ಕಳು ಸ್ಕೂಲಿಂದ ಬಂದು ಒಂದು ಹಿಡಿ ಹಾಕ್ತಾರೆ.

ಯುವಿ ಬಿಚ್ಚಿಸಿದ್ವಿ. ನೀವು ಹೇಳಿದ ಹಾಗೇ ಒಳಗಿನ ಗಾಜಿನ ಕೊಳವೆ ಬೆಳ್ಳಗಾಗಿದೆ, ಉಗುರಲ್ಲಿ ಕೆರೆದ್ರೆ ಒರಟು ಒರಟು, ಆ ಕಡೆಯಿಂದ ಈ ಕಡೆ ಏನೂ ಕಾಣಲ್ಲ. ಪ್ಲಂಬರ್ ಒಬ್ರು ಇದನ್ನ ತೆಗೆದು ಟ್ಯೂಬ್‌ಲೈಟ್ ಗಾಜಿನ ಥರದ್ದೊಂದು ಕೊಳವೆ ಕಮ್ಮಿ ರೇಟಿಗೆ ಹಾಕಿಕೊಡ್ತೀನಿ ಅಂತಾರೆ, ಹಾಕಿಸ್ಬಹುದಾ? ಆನ್‌ಲೈನ್‌ನಲ್ಲಿ ಯುವಿ ಎಲ್‌ಇಡಿ ಅಂತ ನೇರಳೆ ಬಣ್ಣದ್ದು ತುಂಬ ಕಮ್ಮಿಗೆ ಬರುತ್ತೆ, ಕರೆಂಟ್‌ನೂ ಕಮ್ಮಿ ಅಂತೆ, ಅದು ಹೇಗೆ?

ಕೋಯಿಸಾಕಣೆ:

ಎರಡೂ ಬೇಡ. ಮಾಮೂಲಿ ಗಾಜು ಯುವಿ-ಸಿನ ದಾಟೋಕೆ ಬಿಡೋದೇ ಇಲ್ಲ, ಎಷ್ಟು ಹೊಳೆಯೋ ಗಾಜಾದ್ರೂ ಅಷ್ಟೇ. ಆ ಕೊಳವೆ ಕ್ವಾರ್ಟ್ಜ್‌ದೇ ಆಗಿರ್ಬೇಕು. ಮಾಮೂಲಿ ಗಾಜು ಹಾಕಿದ್ರೆ ಲ್ಯಾಂಪ್ ಉರೀತಾ ಇರುತ್ತೆ, ಬಿಲ್ ಬರ್ತಾ ಇರುತ್ತೆ, ನೀರು ಹಸಿರೇ ಇರುತ್ತೆ. ನೇರಳೆ ಎಲ್‌ಇಡಿಗಳು ಸಾಮಾನ್ಯವಾಗಿ 395, 405 ನ್ಯಾನೋಮೀಟರ್‌ನವು, ನೋಟು ಪರೀಕ್ಷೆ ಮಾಡೋ ಲೈಟ್‌ನಲ್ಲಿ ಇರೋಂಥವು, ಪಾಚಿಗೆ ಏನೂ ಆಗಲ್ಲ. ತಗೊಳ್ಳೋವಾಗ ಡಬ್ಬಿ ಮೇಲೆ ಯುವಿ-ಸಿ ಅಂತ, 254 ಅಥವಾ 253.7 ನ್ಯಾನೋಮೀಟರ್ ಅಂತ ಬರೆದಿದೆಯಾ ನೋಡಿ. ಅಡುಗೆಮನೆ ವಾಟರ್ ಪ್ಯೂರಿಫೈಯರ್ ಒಳಗಿರೋ ಯುವಿನೂ ಇದೇ ಜಾತಿ ಲ್ಯಾಂಪ್, ಆದ್ರೆ ಅದರ ಚೇಂಬರ್ ನಿಮಿಷಕ್ಕೆ ಒಂದೆರಡು ಲೀಟರ್ ದಾಟಿಸೋಕೆ ಮಾಡಿರೋದು, ಕೊಳಕ್ಕೆ ಹಾಕೋಕೆ ಬರಲ್ಲ, ಕೆಲವರು ಪ್ರಯತ್ನ ಮಾಡ್ತಾರೆ ಅದಕ್ಕೆ ಹೇಳ್ದೆ.

ನಿಮ್ಮ ಕೊಳವೆ ಒಡೆದಿಲ್ಲ ಅಲ್ವಾ, ಹಾಗಾದ್ರೆ ಹೊಸದು ಬೇಡ. ದಿನಸಿ ಅಂಗಡಿಲಿ ಸಿಗೋ ನಿಂಬೆ ಉಪ್ಪು ಬಿಸಿನೀರಲ್ಲಿ ಗಟ್ಟಿಯಾಗಿ ಕರಗಿಸಿ ಅದರಲ್ಲಿ ನೆನೆಹಾಕಿ, ಬಿಳಿ ವಿನೆಗರ್ ಆದ್ರೂ ಆಗುತ್ತೆ. ಗುಳ್ಳೆ ಬರೋಕೆ ಶುರುವಾಗುತ್ತೆ, ಅದು ಸುಣ್ಣ ಕರಗ್ತಿರೋದು. ಗುಳ್ಳೆ ನಿಂತ ಮೇಲೆ ಮೆತ್ತಗಿನ ಬಟ್ಟೆಲಿ ಒರೆಸಿ. ಸ್ಟೀಲ್ ನಾರು ಹಾಕಿ ಉಜ್ಜಬೇಡಿ, ಗೀರು ಬಿದ್ರೆ ಅದೇ ಗೀರಲ್ಲಿ ಮುಂದಿನ ಸಲ ಸುಣ್ಣ ಬೇಗ ಕೂರುತ್ತೆ. ಲ್ಯಾಂಪ್‌ನ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟುತ್ತೆ, ಮುಟ್ಟಿದ್ರೆ ಸ್ಪಿರಿಟ್‌ನಲ್ಲಿ ಒರೆಸಿ ಹಾಕಿ. ರಬ್ಬರ್ ಓ-ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ರೆ ಈಗಲೇ ಬದಲಾಯಿಸಿ, ಅಲ್ಲಿಂದ ನೀರು ಲ್ಯಾಂಪ್ ಹೋಲ್ಡರ್‌ಗೆ ಇಳಿದ್ರೆ ಶಾಕ್ ಹೊಡೆಯೋ ಅಪಾಯ. ಈ ಲೈನ್‌ಗೆ ಒಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಕ್ಷಣ ಲೈನ್ ಕಡಿಯೋ ಸ್ವಿಚ್) ಇಲ್ಲ ಅಂದ್ರೆ ಎಲೆಕ್ಟ್ರಿಷಿಯನ್ ಕರೆದು ಹಾಕಿಸಿ, ನೀರಿಗೆ ಕೈ ಹಾಕೋ ಜಾಗ ಇದು, ಈ ಖರ್ಚಲ್ಲಿ ಹಿಂದೆಮುಂದೆ ನೋಡ್ಬೇಡಿ.

ಇನ್ನು ವ್ಯಾಟ್ ಲೆಕ್ಕ. 12, 8, 3 ಗುಣಿಸಿದ್ರೆ 288 ಘನ ಅಡಿ, ಒಂದು ಘನ ಅಡಿಗೆ 28.3 ಲೀಟರ್, ಅಂದ್ರೆ 8000 ಲೀಟರ್ ಮೇಲೆ ಸ್ವಲ್ಪ. ಕೋಯಿ ಸಾಕೋರು ಸಾವಿರ ಲೀಟರ್‌ಗೆ ಎರಡೂವರೆ ಮೂರು ವ್ಯಾಟ್ ಅಂತ ಲೆಕ್ಕ ಹಿಡೀತಾರೆ, ಇಡೀ ದಿನ ಬಿಸಿಲು ಬೀಳೋ ಕಡೆ ಅದಕ್ಕಿಂತ ಜಾಸ್ತಿ. 11 ವ್ಯಾಟ್ ನಿಮ್ಮ ಕೊಳಕ್ಕೆ ಮೊದಲಿಂದಲೂ ಕಮ್ಮಿನೇ, ಮೋಡ ಮುಚ್ಚಿದ ತಿಂಗಳುಗಳಲ್ಲಿ ಸಾಕಾಯ್ತು, ಬಿಸಿಲಿಗೆ ಸಾಕಾಗ್ಲಿಲ್ಲ. 36 ವ್ಯಾಟ್ ಹಾಕಿದ್ರೆ ಸರಿಹೋಗುತ್ತೆ, 55 ಬೇಕಾಗಿಲ್ಲ. ತಿಂಗಳಿಗೆ 36 ವ್ಯಾಟ್‌ಗೆ ಸುಮಾರು 26 ಯೂನಿಟ್, ಈಗಿನ 11 ವ್ಯಾಟ್‌ಗೆ ಸುಮಾರು 8, ಅಂದ್ರೆ ಹೆಚ್ಚಿಗೆ ಬರೋದು 18 ಯೂನಿಟ್. ನಿಮ್ಮ ಪಂಪೇ 43 ಯೂನಿಟ್ ತಿನ್ನುತ್ತೆ. ಗೃಹಜ್ಯೋತಿ ಬಿಲ್ಲಲ್ಲಿ ನಿಮಗೆ ಎಷ್ಟು ಯೂನಿಟ್ ಅರ್ಹತೆ ಅಂತ ಬರೆದಿರ್ತಾರೆ, ಅದನ್ನ ನೋಡಿ ಮನೇಲಿ ಲೆಕ್ಕ ಹಾಕಿ. ಆಷಾಢದಲ್ಲಿ ಮೋಡ ಹಿಡಿದು ವಾರಗಟ್ಟಲೆ ಬಿಸಿಲೇ ಇಲ್ಲ ಅನ್ನೋವಾಗ ಯುವಿ ಆಫ್ ಮಾಡ್ಬಹುದು, ಪಂಪ್ ಮಾತ್ರ ಯಾವತ್ತೂ ಆಫ್ ಮಾಡ್ಬೇಡಿ, ಫಿಲ್ಟರ್‌ನಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯ್ತವೆ.

ಪಂಪ್ ಮೇಲೆ ಬರೆದಿರೋ 3000 ಲೀಟರ್ ನಿಜವಾಗಿ ಬರ್ತಿದೆಯಾ ನೋಡಿ. ಅದು ಎತ್ತರ ಇಲ್ಲದೆ ಅಳೆದಿದ್ದು, ಡ್ರಮ್ ಮೇಲಕ್ಕೆ ಏರಿಸಿದಾಗ ಕಮ್ಮಿ ಆಗುತ್ತೆ. 20 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತೆ ಅಂತ ಮೊಬೈಲ್‌ನಲ್ಲಿ ಅಳೀರಿ, 40 ಸೆಕೆಂಡ್ ಅಂದ್ರೆ ಗಂಟೆಗೆ 1800 ಲೀಟರ್ ಆಯ್ತು. ಹಾಗಿದ್ರೆ ಕೊಳದ ನೀರು ಒಂದು ಸುತ್ತು ಹೋಗಿ ಬರೋಕೆ ನಾಲ್ಕೂವರೆ ಗಂಟೆ. ಕೋಯಿ ಕೊಳಕ್ಕೆ ಎರಡು ಗಂಟೆಗೊಂದು ಸುತ್ತು ಇದ್ರೆ ಒಳ್ಳೇದು. ಹಾಗಂತ ಸಣ್ಣ ಯುವಿಗೆ ದೊಡ್ಡ ಪಂಪ್ ಹಾಕಿದ್ರೆ ನೀರು ಭರ್ರನೆ ಹೋಗ್ಬಿಡುತ್ತೆ, ಕಿರಣ ತಗುಲೋಕೆ ಸಮಯನೇ ಸಿಗಲ್ಲ, ಯುವಿ ಡಬ್ಬಿ ಮೇಲೆ ಗರಿಷ್ಠ ಎಷ್ಟು ಲೀಟರ್ ಅಂತ ಬರೆದಿರೋದನ್ನ ದಾಟಬೇಡಿ.

ನೀರು ಪೂರ್ತಿ ಬದಲಾಯಿಸೋದು ಮಾತ್ರ ಬೇಡ. ಹೊಸ ಬೋರ್‌ವೆಲ್ ನೀರಲ್ಲೇ ನೈಟ್ರೇಟ್ ಇರ್ಬಹುದು, ಅದು ಪಾಚಿಗೆ ಹೊಸ ಊಟ, ಮೀನಿಗೂ ನೀರು ಒಮ್ಮೆಲೇ ಬದಲಾದ್ರೆ ಆಘಾತ. ವಾರಕ್ಕೆ ಹತ್ತರಲ್ಲಿ ಒಂದು ಪಾಲು ತೆಗೆದು ಗಿಡಗಳಿಗೆ ಹಾಕಿ ಅಷ್ಟೇ ತುಂಬಿಸಿ. ಮಕ್ಕಳು ಹಾಕೋ ಊಟ ನಿಲ್ಲಿಸ್ಬೇಡಿ ಪಾಪ, ಬೆಳಗ್ಗೆದನ್ನ ನಿಲ್ಸಿ. ಎರಡು ಮೂರು ನಿಮಿಷದಲ್ಲಿ ಮೀನು ತಿಂದು ಮುಗಿಸೋ ಅಷ್ಟೇ ಹಾಕೋದು ಅಂತ ಅವರಿಗೆ ಹೇಳ್ಕೊಡಿ.

ಹಾಸನದಿಂದ_ಇಂಗ್ಲೆಂಡ್:

ಇಲ್ಲಿ ದಕ್ಷಿಣ ಇಂಗ್ಲೆಂಡ್‌ನಲ್ಲೂ ಸುಣ್ಣದ ನೀರೇ, ಕೆಳಗೆಲ್ಲ ಸೀಮೆಸುಣ್ಣದ ಕಲ್ಲು. ಸ್ಲೀವ್ ಬೆಳ್ಳಗಾಗೋ ಸಮಸ್ಯೆ ನಮಗೂ ತಪ್ಪಿದ್ದಲ್ಲ. ಇಲ್ಲಿ ಕೊಳ ಇರೋರು ವಸಂತ ಶುರುವಾಗೋ ಹೊತ್ತಿಗೆ ಹೊಸ ಲ್ಯಾಂಪ್ ಹಾಕಿ, ಸ್ಲೀವ್ ತೊಳೆದು ರೆಡಿ ಮಾಡ್ಕೋತಾರೆ, ಪಾಚಿ ಏಳೋ ಮೊದಲೇ ಲ್ಯಾಂಪ್ ಪೂರ್ತಿ ಬಲದಲ್ಲಿ ಇರುತ್ತೆ. ಚಳಿಗಾಲದಲ್ಲಿ ನೀರಿನ ಶಾಖ 10 ಡಿಗ್ರಿಗಿಂತ ಕೆಳಗೆ ಹೋದ್ಮೇಲೆ ಪಾಚಿನೂ ಅಷ್ಟಾಗಿ ಬೆಳೆಯಲ್ಲ, ಮೀನೂ ಹೆಚ್ಚು ತಿನ್ನಲ್ಲ, ಯುವಿ ಬಿಚ್ಚಿ ಒಳಗಿಡ್ತೀವಿ, ಇಲ್ಲಾಂದ್ರೆ ಒಳಗಿನ ನೀರು ಹೆಪ್ಪುಗಟ್ಟಿ ಕ್ವಾರ್ಟ್ಜ್ ಸೀಳಿಬಿಡುತ್ತೆ. ಮೈಸೂರಿಗೆ ಆ ತಲೆನೋವಿಲ್ಲ, ಆದ್ರೆ ಲ್ಯಾಂಪ್ ಬದಲಾಯಿಸೋಕೆ ಒಂದು ದಿನ ಗೊತ್ತು ಮಾಡ್ಕೊಳ್ಳಿ, ಸಂಕ್ರಾಂತಿ ಹೊತ್ತಿಗೆ ಮಾಡಿದ್ರೆ ಬಿಸಿಲು ಬರೋದ್ರೊಳಗೆ ಹೊಸ ಲ್ಯಾಂಪ್ ಇರುತ್ತೆ.

ಇನ್ನೊಂದು, ಮೀನಿಗೆ ಔಷಧಿ ಹಾಕೋವಾಗ ಯುವಿ ಆಫ್ ಇರ್ಲಿ. ಮ್ಯಾಲಕೈಟ್ ಗ್ರೀನ್ ಥರದ್ದನ್ನ ಈ ಕಿರಣ ಒಡೆದು ಹಾಕುತ್ತೆ, ಔಷಧಿ ಕೆಲಸ ಮಾಡಲ್ಲ. ಫಿಲ್ಟರ್‌ಗೆ ಅಂತ ಬಾಟಲಿಲಿ ಸಿಗೋ ಒಳ್ಳೆ ಬ್ಯಾಕ್ಟೀರಿಯಾ ಸುರಿಯೋವಾಗ್ಲೂ ಒಂದೆರಡು ದಿನ ಆಫ್ ಮಾಡಿ, ಅವು ಫಿಲ್ಟರ್‌ಗೆ ಅಂಟ್ಕೊಂಡ ಮೇಲೆ ಯುವಿಯಿಂದ ಅವಕ್ಕೆ ಏನೂ ಆಗಲ್ಲ.

ಹಿತ್ತಲಕೊಳ_ಮೈಸೂರು:

ಎಲ್ರಿಗೂ ಅಪ್‌ಡೇಟ್. ಸ್ಲೀವ್ ನಿಂಬೆ ಉಪ್ಪಲ್ಲಿ ನೆನೆಸಿದ್ದಕ್ಕೆ ಬಿಳಿ ಪದರ ಪೂರ್ತಿ ಬಿಟ್ಕೊಂಡು ಬಂತು, ಹೊಸದರ ಥರ ಆಯ್ತು, ಆದ್ರೂ 36 ವ್ಯಾಟ್‌ದೇ ಹಾಕಿಸಿದ್ವಿ, ಹಳೇದನ್ನ ತೊಳೆದು ಎತ್ತಿಟ್ಟಿದೀವಿ. ಆರ್‌ಸಿಸಿಬಿನೂ ಹಾಕಿಸಾಯ್ತು. ಮೊದಲು ಕೆಲವು ದಿನ ಹಸಿರು ಹೋಗಿ ಬೂದು ಬಣ್ಣದ ಮಂಜು ಥರ ಕಾಣ್ತು, ಸ್ಪಾಂಜ್ ಹಿಂಡಿದ್ರೆ ಹಸಿರು ಲೋಳೆ ಬಕೆಟ್‌ಗಟ್ಟಲೆ, ಆಮೇಲೆ ನಿಧಾನಕ್ಕೆ ತಿಳಿಯಾಯ್ತು. ಈಗ ತಳದ ಕಲ್ಲು ಕಾಣ್ತಿದೆ, ಮೀನಿನ ರೆಕ್ಕೆ ಮೇಲಿನ ಗೆರೆ ಕೂಡ ಕಾಣ್ತಿದೆ.

ಆದ್ರೆ ಈಗ ಹೊಸ ಸಮಸ್ಯೆ, ಕಲ್ಲಿನ ಮೇಲೆ, ಪೈಪ್ ಮೇಲೆ ಉದ್ದುದ್ದ ಕೂದಲಿನ ಥರ ಹಸಿರು ಎಳೆ ಬೆಳೀತಿದೆ, ಮೊದಲು ಇರ್ಲಿಲ್ಲ. ಯುವಿ ಕೆಲಸ ಮಾಡ್ತಿಲ್ವಾ? 55 ವ್ಯಾಟ್ ಹಾಕ್ಬೇಕಿತ್ತಾ?

ಕೋಯಿಸಾಕಣೆ:

ಕೇಳಿ ತುಂಬಾ ಖುಷಿ ಆಯ್ತು. ಯುವಿ ಚೆನ್ನಾಗಿ ಕೆಲಸ ಮಾಡ್ತಿದೆ, ಅದಕ್ಕೇ ಈ ಎಳೆ ಪಾಚಿ ಬಂದಿರೋದು. ನೀರು ತಿಳಿಯಾಗಿ ಬಿಸಿಲು ತಳದವರೆಗೂ ಹೋಗ್ತಿದೆ, ನೀರಲ್ಲಿರೋ ಗೊಬ್ಬರ ತಿನ್ನೋಕೆ ತೇಲೋ ಪಾಚಿ ಇಲ್ಲ, ಆ ಜಾಗಕ್ಕೆ ಎಳೆ ಪಾಚಿ ಬಂತು. ಅದು ಕಲ್ಲಿಗೆ ಅಂಟ್ಕೊಂಡೇ ಇರುತ್ತೆ, ಯುವಿ ಡಬ್ಬಿ ಒಳಗೆ ಬರೋದೇ ಇಲ್ಲ, ಹಾಗಾಗಿ 55 ಅಲ್ಲ 100 ವ್ಯಾಟ್ ಹಾಕಿದ್ರೂ ಅದಕ್ಕೇನೂ ಆಗಲ್ಲ. ಒರಟು ಕೋಲು ತಗೊಂಡು ಸುತ್ತಿ ಸುತ್ತಿ ಎಳೀರಿ, ಉದ್ದುದ್ದ ಬರುತ್ತೆ, ಬಂದಿದ್ದನ್ನ ಗಿಡದ ಬುಡಕ್ಕೆ ಹಾಕಿ. ಎಳೀವಾಗೆಲ್ಲ ಅಷ್ಟು ಗೊಬ್ಬರ ಕೊಳದಿಂದ ಹೊರಗೆ ಹೋಯ್ತು ಅಂತ ಲೆಕ್ಕ. ಸ್ವಲ್ಪ ಇದ್ರೆ ಇರ್ಲಿ, ಕೋಯಿ ಅದನ್ನ ಮೇಯುತ್ತೆ, ಪೂರ್ತಿ ಬೋಳು ಕಲ್ಲು ಇರೋ ಕೊಳ ಬೇಕಾಗೂ ಇಲ್ಲ.

ಒಂದು ವಿಷಯ ಮಾತ್ರ ಮರೀಬೇಡಿ. ಹಸಿರು ನೀರಿದ್ದಾಗ ಮೀನು ಹೊರಹಾಕೋ ಅಮೋನಿಯಾನ (ಜಾಸ್ತಿ ಆದ್ರೆ ಮೀನಿಗೇ ವಿಷ) ಆ ಪಾಚಿ ಹೀರ್ಕೊಳ್ತಿತ್ತು, ಈಗ ಆ ಕೆಲಸ ಪೂರ್ತಿ ಫಿಲ್ಟರ್ ಮೇಲೆ ಬಿದ್ದಿದೆ. ಒಂದು ಅಮೋನಿಯಾ ಟೆಸ್ಟ್ ಕಿಟ್ ತಂದು ಕೆಲವು ವಾರ ನೋಡ್ತಾ ಇರಿ, ಬಣ್ಣ ಏರಿದ್ರೆ ಊಟ ನಿಲ್ಸಿ, ಸ್ವಲ್ಪ ನೀರು ಬದಲಾಯಿಸಿ. ಆಮೇಲೆ ಹುಬ್ಬಳ್ಳಿಯವರು ಹೇಳಿದ ಗಿಡದ ತೊಟ್ಟಿ ಈ ಮಳೆಗಾಲದಲ್ಲೇ ಶುರು ಮಾಡಿ, ಮುಂದಿನ ಬೇಸಿಗೆ ಹೊತ್ತಿಗೆ ಕೆಸುವು ದಟ್ಟ ಆಗಿರುತ್ತೆ. ಹಳೇ ಲ್ಯಾಂಪ್‌ನಲ್ಲಿ ಪಾದರಸ ಇದೆ, ಕಸದ ಬುಟ್ಟಿಗೆ ಹಾಕಿ ಒಡೀಬೇಡಿ, ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ಅಡಿಕೆತೋಟ_ಪುತ್ತೂರು:

ಎಲ್ಲ ಓದಿದೆ, ಮೈಲುತುತ್ತ ಬಿಟ್ಟೆ. ನಮ್ಮ ಮೀನಿನ ಟ್ಯಾಂಕಿ ಹತ್ರ ಕರೆಂಟಿನ ಲೈನ್ ಇಲ್ಲ, ಯುವಿ ಹಾಕ್ಲಿಕ್ಕೆ ಆಗುದಿಲ್ಲ. ಅಡಿಕೆ ಸಸಿಗೆ ತಂದ ಹಸಿರು ನೆರಳು ಬಲೆ ಉಂಟು, 50 ಪರ್ಸೆಂಟಿನದ್ದು. ಅದನ್ನು ಟ್ಯಾಂಕಿ ಮೇಲೆ ಕಟ್ಟಿದ್ರೆ ಪ್ರಯೋಜನ ಆದೀತಾ?

ಕೋಯಿಸಾಕಣೆ:

ಖಂಡಿತ ಆಗುತ್ತೆ, ಬಿಸಿಲು ಅರ್ಧ ಆದ್ರೆ ಪಾಚಿ ಬೆಳೆಯೋದೂ ನಿಧಾನ ಆಗುತ್ತೆ. ಮಾರ್ಚ್‌ನಿಂದ ಮಳೆ ಹಿಡಿಯೋ ತನಕ ಕಟ್ಟಿ. ನೀರಿಂದ ಎರಡು ಮೂರು ಅಡಿ ಮೇಲಿರ್ಲಿ, ಗಾಳಿ ಆಡ್ಬೇಕು. ಪೂರ್ತಿ ಮುಚ್ಚದೆ ಬೆಳಗಿನ ಎಳೆ ಬಿಸಿಲು ಬೀಳೋ ಪೂರ್ವದ ಕಡೆ ಸ್ವಲ್ಪ ಬಿಡಿ, ಮಧ್ಯಾಹ್ನದ ಬಿಸಿಲು ಬರೋ ಕಡೆ ಮುಚ್ಚಿ. ಮಿಂಚುಳ್ಳಿ ಬಂದು ಮರಿ ಎತ್ಕೊಂಡು ಹೋಗೋದೂ ಕಮ್ಮಿ ಆಗುತ್ತೆ.